ಐದನೇ ಕಂಬದವರೆಗೆ

ಜನವರಿ 12

ಮೋಡ ಅಳತೆ ಕೇಂದ್ರದ ಅಳತೆಗಾರರಿಗೆ,

ನಿಮ್ಮ ಕೇಂದ್ರದ ಮೂವತ್ತೊಂದು ವರ್ಷಗಳ ದಿನಚರಿ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಮ್ಮ ದಾಖಲೆ ವಿಭಾಗಕ್ಕೆ ಬಂದಿದೆ. ಪುಟಗಳ ಫೋಟೋ ತೆಗೆದುಕೊಟ್ಟಿದ್ದಾರೆ. ನೋಡಿಕೊಂಡು ಟೈಪ್ ಮಾಡುತ್ತಿರುವವಳು ನಾನು. ಕೆಲವು ಸಂಗತಿಗಳು ತಿಳಿಯುತ್ತಿಲ್ಲ, ದಯವಿಟ್ಟು ಉತ್ತರ ಕೊಡಿ.

ಮೊದಲ ಪುಸ್ತಕದಲ್ಲಿ ಒಂದು ಮತ್ತು ಏಳು ಒಂದೇ ಥರ ಕಾಣುತ್ತವೆ. ಯಾವುದು ಯಾವುದು? ಪ್ರತಿ ದಿನದ ಮುಂದೆ 'ಕಂಬ' ಎಂದು ಒಂದು ಸಂಖ್ಯೆ ಇದೆ. ವಿಭಾಗದ ಬೇರೆಯವರಿಗೆ ಅದರ ಅರ್ಥ ಬೇಕಂತೆ, ನಿಮ್ಮ ಮಾತಿನಲ್ಲೇ ಬರೆದು ಕಳಿಸಿ. ಮತ್ತೆ ಮೊದಲ ಐದು ವರ್ಷ ಷರಾ ಕಾಲಂನಲ್ಲಿ 'ಬ.ಒ.' ಎಂದು ಪದೇ ಪದೇ ಬರುತ್ತದೆ. ಆಮೇಲೆ ಎಲ್ಲೂ ಇಲ್ಲ. ಅದೇನು?

ಆರೋಗ್ಯ ಚೆನ್ನಾಗಿದೆ ಎಂದು ನಂಬಿದ್ದೇನೆ.

ದಾಖಲೆ ಸಹಾಯಕಿ,
ನಿಮ್ಮ ಮಗಳು


ಜನವರಿ 27

ಪುಟ್ಟಿ,

ಸಾಮಾನು ತರುವ ಜೀಪಿನ ಡ್ರೈವರ್ ಇಲಾಖೆಯ ಕವರ್ ಕೈಗೆ ಕೊಟ್ಟಾಗ ಗಂಟುಮೂಟೆ ಕಟ್ಟು ಅನ್ನುವ ಕಾಗದ ಬಂತು ಅಂದುಕೊಂಡೆ. ಒಡೆದು ನೋಡಿದರೆ ನೀನು! 'ದಯವಿಟ್ಟು' ಅಂತೆ, 'ಕಳಿಸಿ' ಅಂತೆ. ಯಾರಮ್ಮ ಇವರು ದೊಡ್ಡ ಸಾಹೇಬರು ಅಂತ ನಕ್ಕೆ. ನಕ್ಕಿದ್ದು ಜಾಸ್ತಿ ಹೊತ್ತಲ್ಲ. ನಿನ್ನ ಚಿಕ್ಕಮ್ಮ ತೀರಿಕೊಂಡಾಗ ನಿನ್ನನ್ನು ಕೊನೆಯ ಸಲ ನೋಡಿದ್ದು. ಆರು ವರ್ಷವಾಯಿತು.

ಸರಿ, ಕೇಳಿದ್ದಕ್ಕೆ ಹೇಳುತ್ತೇನೆ. ಏಳಕ್ಕೆ ನಡುವೆ ಒಂದು ಗೀಟು ಇರುತ್ತದೆ, ಕಣ್ಣು ಬಿಟ್ಟು ನೋಡು. ಕಂಬ ಅಂದರೆ ಕಂಬವೇ. ಹೊಳೆಯಿಂದ ಶಿಖರದವರೆಗೆ ದಾರಿಯ ಪಕ್ಕ ನೆಟ್ಟಿರುವ ಇಪ್ಪತ್ನಾಲ್ಕು ಬಿಳಿ ಕಂಬಗಳು. ನನ್ನ ಮನೆ ಇರುವುದು ಐದನೆಯದರ ಪಕ್ಕ. ಬೆಳಗ್ಗೆ ಎಂಟಕ್ಕೆ ಹೊರಟು ಹತ್ತುತ್ತಾ ಹೋಗಬೇಕು. ಒಂದು ಕಂಬದ ಹತ್ತಿರ ನಿಂತಾಗ ಮುಂದಿನ ಕಂಬದ ನಂಬರು ಓದಲು ಆಗದಿದ್ದರೆ ಮೋಡ ಅಲ್ಲಿಂದ ಶುರು. ಆ ಕಾಣದ ಕಂಬದ ನಂಬರನ್ನು ಬರೆಯುವುದು. ಅಷ್ಟೇ ನನ್ನ ವಿದ್ಯೆ.

ನಿಮ್ಮ ವಿಭಾಗದವರಿಗೆ ಇದನ್ನೂ ಹೇಳು. ಇಲ್ಲಿ ಮಳೆಗಿಂತ ಹೆಚ್ಚು ನೀರು ಕೊಡುವುದು ಮೋಡ. ಅದು ಮರಗಳ ನಡುವೆ ನುಸುಳಿ ಹೋಗುವಾಗ ಕೊಂಬೆ ಮೇಲಿನ ಪಾಚಿ ಅದರ ನೀರನ್ನು ಹಿಡಿದುಕೊಳ್ಳುತ್ತದೆ. ಮೋಡ ಇಲ್ಲದ ಬೇಸಿಗೆಯಲ್ಲೂ ಕಾಡಿನೊಳಗೆ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ನೀವು ಅಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಈ ಪಾಚಿ ಹಿಂಡಿದ ನೀರೇ. ಮೊದಮೊದಲು ಒಂಬತ್ತನೇ ಕಂಬ ಹತ್ತಿದರೆ ಸಾಕಿತ್ತು. ಈಗ ಹದಿನೆಂಟು. ನನಗೆ ವಯಸ್ಸಾದಷ್ಟೂ ಅದು ಮೇಲೆ ಹೋಗುತ್ತಿದೆ, ನೋಡು ಅದರ ಕೊಬ್ಬು.

'ಬ.ಒ.' ನಿನ್ನ ಅಮ್ಮನ ಷರಾ. 'ಬಟ್ಟೆ ಒಣಗಿಲ್ಲ.' ಮೋಡ ಮನೆಯ ತನಕ ಇಳಿದ ದಿನ ಅವಳು ತಂತಿಯ ಹತ್ತಿರದಿಂದ ಕೂಗುತ್ತಿದ್ದಳು, "ಬರ್ಕೊಳ್ರೀ, ಇವತ್ತೂ ಬಟ್ಟೆ ಒಣಗಿಲ್ಲ, ಸರ್ಕಾರಕ್ಕೂ ಗೊತ್ತಾಗ್ಲಿ!" ಅಂತ. ತಮಾಷೆಗೆ ಬರೆದೆ, ಆಮೇಲೆ ಅಭ್ಯಾಸವಾಯಿತು.

ಈಗ ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಗರಿಗರಿಯಾಗಿ ಒಣಗಿರುತ್ತದೆ. ಮಡಚಿಡುವಾಗ ಸಂಕಟವಾಗುತ್ತದೆ.

ಅಪ್ಪ


ಫೆಬ್ರುವರಿ 15

ಅಪ್ಪ,

ಗೀಟು ಕಾಣಿಸಿತು. ಇನ್ನು 'ದಯವಿಟ್ಟು' ಅನ್ನುವುದಿಲ್ಲ, ಬಿಡು.

ನೀನು ಬರೆದದ್ದನ್ನು ಮೇಲಧಿಕಾರಿಗೆ ಓದಿ ಹೇಳಿದೆ. ಅವರು ಹೇಳಿದ್ದು: "ನಂಬರ್ ಮಾತ್ರ ಹಾಕಮ್ಮ, ಷರಾ ಎಲ್ಲ ಬೇಡ. ಬಟ್ಟೆ ಒಣಗಿದ್ದು ಯಾರಿಗೆ ಬೇಕು?" ನಾನು ಹಾಕುತ್ತಿದ್ದೇನೆ. ಎರಡು ಸಾಲು ಹೆಚ್ಚು ಟೈಪ್ ಮಾಡಿದರೆ ನನ್ನ ಬೆರಳೇನೂ ಸವೆಯುವುದಿಲ್ಲ.

ಈ ಅವಸರ ಯಾಕೆಂದು ನಿನಗೆ ಯಾರೂ ಹೇಳಿರಲಾರರು. ಇಪ್ಪತ್ತನೇ ಕಂಬದಿಂದ ಮೇಲಿನ ದಿಣ್ಣೆ ಸಂರಕ್ಷಿತ ಕಾಡಿನ ಗಡಿಯ ಹೊರಗಿದೆ. ಅದನ್ನು ಹೋಟೆಲಿನವರು ಕೇಳಿದ್ದಾರೆ. ಶಿಖರದ ಮೇಲೆ ನಲವತ್ತು ಕೋಣೆ, ರಸ್ತೆ, ಎಲ್ಲ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಜೂನ್ ತಿಂಗಳಲ್ಲಿ ಸಮಿತಿ ಕೂರುತ್ತದೆ. ಮೋಡ ಮೇಲೆ ಹೋಗುತ್ತಿದೆ, ಕಾಡೂ ಅದರ ಹಿಂದೆ ಹತ್ತಬೇಕು, ಹತ್ತಲು ಆ ದಿಣ್ಣೆ ಬೇಕು ಎನ್ನುವುದಕ್ಕೆ ನಮ್ಮ ಹತ್ತಿರ ಇರುವ ಪುರಾವೆ ಒಂದೇ. ನಿನ್ನ ಪುಸ್ತಕಗಳು. ಆ ಕಡೆಯವರು ಒಬ್ಬ ತಜ್ಞರನ್ನು ಕೂರಿಸಿಕೊಂಡು ತಪ್ಪು ಹುಡುಕಿಸುತ್ತಾರಂತೆ. ಹಾಗಾಗಿ ನಾನು ಪ್ರತಿ ಸಾಲನ್ನೂ ಎರಡು ಸಲ ನೋಡುತ್ತೇನೆ.

ನನ್ನ ಮೇಜಿನ ಪಕ್ಕದ ಕಿಟಕಿಗೆ ಎದುರು ಕಟ್ಟಡದ ಗೋಡೆ ಅಡ್ಡ. ಊಟದ ಡಬ್ಬಿಯನ್ನು ಅಲ್ಲೇ ತೆಗೆಯುತ್ತೇನೆ. ಕ್ಯಾಂಟೀನಿಗೆ ಹೋದರೆ ಯಾರಾದರೂ "ಮನೇಲಿ ಯಾರ್ಯಾರಿದ್ದೀರಿ?" ಅಂತ ಕೇಳುತ್ತಾರೆ. ನಾನೂ ಕುಕ್ಕರೂ ಅಂತ ಎಷ್ಟು ಸಲ ಹೇಳುವುದು? ಈಗ ಡಬ್ಬಿ ಬಿಚ್ಚಿಕೊಂಡು ನಿನ್ನ ಮೂರನೇ ಪುಸ್ತಕ ಓದುತ್ತೇನೆ. 'ಎಂಟನೇ ಕಂಬದ ಹತ್ತಿರ ಗುಂಡಿಕಪ್ಪೆ ಕೂಗಿತು' ಅಂತ ಇದೆ. ನನಗೆ ಆ ಕಪ್ಪೆ ನೆನಪಿದೆ. ಅಂಗಿ ಗುಂಡಿಯಷ್ಟೇ ಇತ್ತು. ಅಮ್ಮ ಅದನ್ನು ನನ್ನ ಉಗುರಿನ ಮೇಲೆ ಕೂರಿಸಿದ್ದಳು.

ನಿನ್ನ ಮಗಳು


ಮಾರ್ಚ್ 2

ಪುಟ್ಟಿ,

ಹೋಟೆಲೇ? ಆ ಗಾಳಿಗೆ ಅವರ ಹಾಸಿಗೆ ಸಮೇತ ಹಾರಿಹೋಗುತ್ತಾರೆ, ಹೋಗಲಿ.

ಆದರೆ ಕಪ್ಪೆಗೆ ಹೋಟೆಲ್ ಬಂದರೆ ಆಗುವುದಿಲ್ಲ. ಅದು ನೀರಿಗೆ ಮೊಟ್ಟೆ ಇಡುವ ಜಾತಿಯಲ್ಲ, ಒದ್ದೆ ಪಾಚಿಯೊಳಗೆ ಇಡುತ್ತದೆ. ಪಾಚಿ ಒಣಗಿದರೆ ಮೊಟ್ಟೆಯೂ ಒಣಗುತ್ತದೆ. ಎಂಟನೇ ಕಂಬದಲ್ಲಿ ಕೂಗುತ್ತಿದ್ದದ್ದು ಈಗ ಹತ್ತೊಂಬತ್ತರಲ್ಲಿ ಕೂಗುತ್ತದೆ. ಅಲ್ಲಿಂದ ಇಪ್ಪತ್ನಾಲ್ಕರವರೆಗೆ ಮಾತ್ರ. ಅದರ ಮೇಲೆ ಆಕಾಶ, ಅಲ್ಲಿಗೆ ಹತ್ತಲು ಅದಕ್ಕೆ ಬರುವುದಿಲ್ಲ.

ಕಂಬಗಳಿಗೆ ಬಣ್ಣ ಬಳಿದದ್ದು ಅಮ್ಮ, ನಂಬರು ಬರೆದದ್ದು ನಾನು. ಹನ್ನೆರಡರ ಹತ್ತಿರ ನೀನು ಬಣ್ಣದ ಡಬ್ಬಿಗೆ ಕಾಲಿಟ್ಟು ಹದಿಮೂರರತನಕ ಬಿಳಿ ಹೆಜ್ಜೆ ಹಾಕಿದ್ದೆ. ಒಂದು ಹೆಜ್ಜೆ ಬಂಡೆ ಮೇಲೆ ಇನ್ನೂ ಇದೆ. ನಾನು ದಿನಾ ಅದನ್ನು ದಾಟುತ್ತೇನೆ.

ಜಾಸ್ತಿ ಬರೆಯಲು ಬರುವುದಿಲ್ಲ. ಮಾತಾಡುವ ಅಭ್ಯಾಸವೇ ತಪ್ಪಿದೆ. ಮೊನ್ನೆ ಡ್ರೈವರ್‌ಗೆ "ಕೂತ್ಕೋ" ಅನ್ನಲು ಹೋದೆ, ಗಂಟಲಿಂದ ಗಾಳಿ ಮಾತ್ರ ಬಂತು. ಹದಿಮೂರು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲ ಅಂತ ಆಗ ಗೊತ್ತಾಯಿತು. ನೀನು ಬರೆಯುತ್ತಿರು.

ಅಪ್ಪ


ಮಾರ್ಚ್ 20

ಅಪ್ಪ,

ಇವತ್ತು ಐದನೇ ಪುಸ್ತಕಕ್ಕೆ ಬಂದೆ. ಅಮ್ಮ ಹೋದ ವರ್ಷದ್ದು.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ ನನಗೆ ಗೊತ್ತು. ಅವತ್ತೇ ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟದ್ದು. ಅಲ್ಲಿಂದ ಅಮ್ಮ ಹೋಗುವವರೆಗೆ ಇಪ್ಪತ್ಮೂರು ದಿನ. ಆ ಇಪ್ಪತ್ಮೂರು ದಿನವೂ ಪುಸ್ತಕದಲ್ಲಿ ಅಳತೆ ಇದೆ. ನಿನ್ನದೇ ಅಕ್ಷರ. ಬೆಳಗ್ಗೆ ಎಂಟು ಗಂಟೆ, ಕಂಬ ಎಂಟು. ಬೆಳಗ್ಗೆ ಎಂಟು ಗಂಟೆ, ಕಂಬ ಏಳು. ಒಂದು ದಿನವೂ ತಪ್ಪಿಲ್ಲ. ಆಸ್ಪತ್ರೆಯಿಂದ ನಿನ್ನ ಮನೆಗೆ ಆಗ ಒಂದೂವರೆ ದಿನದ ದಾರಿ.

ನೀನು ನನಗೆ ಹೇಳಿದ್ದೆ, "ನಾನು ಕೊನೇವರೆಗೂ ಅವಳ ಪಕ್ಕದಲ್ಲೇ ಇದ್ದೆ ಪುಟ್ಟಿ" ಅಂತ. ಆಮೇಲೆ ನನ್ನನ್ನು ಚಿಕ್ಕಮ್ಮನ ಹತ್ತಿರವೇ ಬಿಟ್ಟು ಗುಡ್ಡಕ್ಕೆ ಹೋದೆ. ವರ್ಷಕ್ಕೆ ಎರಡು ಸಲ ಬಂದೆ. ಅದೆಲ್ಲವನ್ನೂ ನಾನು ಆ ಒಂದು ಮಾತಿಗಾಗಿ ನುಂಗಿಕೊಂಡೆ. ನನ್ನ ಜೊತೆ ಇಲ್ಲದಿದ್ದರೂ ಅಮ್ಮನ ಜೊತೆ ಇದ್ದನಲ್ಲ ಅಂತ.

ಈಗ ಎರಡರಲ್ಲಿ ಒಂದು ಸುಳ್ಳು. ಒಂದೋ ಪುಸ್ತಕಕ್ಕೆ ಹೇಳಿದ್ದೀಯ, ಇಲ್ಲ ನನಗೆ ಹೇಳಿದ್ದೀಯ. ಕೇಳೋಣ ಅಂದರೆ ಚಿಕ್ಕಮ್ಮ ಇಲ್ಲ. ನೀನೇ ಹೇಳು.

ಮಗಳು


ಏಪ್ರಿಲ್ 10

ಅಪ್ಪ,

ಜೀಪು ಹೋಗಿ ಬಂತು. ಕಾಗದ ನಿನ್ನ ಕೈಗೇ ಕೊಟ್ಟೆ ಎಂದು ಡ್ರೈವರ್ ಫೋನಿನಲ್ಲಿ ಹೇಳಿದ. "ಓದಿದ್ರು, ಮಡಚಿ ಜೇಬಿಗೆ ಹಾಕ್ಕೊಂಡ್ರು, ನನಗೆ ಟೀ ಕೊಡೋದು ಮರೆತ್ರು" ಅಂದ.

ನಾನು ಆ ಪುಟ ಬಿಟ್ಟು ಮುಂದೆ ಟೈಪ್ ಮಾಡುತ್ತಿದ್ದೇನೆ. ಹೆಚ್ಚು ದಿನ ಬಿಡಲು ಆಗುವುದಿಲ್ಲ.

ಮಗಳು


ಏಪ್ರಿಲ್ 21

ಪುಟ್ಟಿ,

ಹದಿನೇಳನೇ ಕಂಬದ ಹತ್ತಿರದ ದೊಡ್ಡ ಮರದಲ್ಲಿ ಪಾಚಿ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಕೈಯಲ್ಲಿ ಹಿಡಿದರೆ ಪುಡಿ. ಮುಂಚೆ ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು. ಮೊನ್ನೆ ಮೊಣಕಾಲು ನೋಯುತ್ತಿತ್ತು, ಆದರೂ ಹತ್ತಿದೆ. ಇಪ್ಪತ್ತು.

ಉತ್ತರ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಬರೆದರೆ ನಾನು ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಿದ್ದೇನೆ ಅಂತ ನಿನಗೆ ಅನ್ನಿಸುತ್ತದೆ. ಫೋಟೋ ನೋಡಬೇಡ. ಪುಸ್ತಕವನ್ನೇ ತೆಗೆಸಿ ನೋಡು.

ಅಪ್ಪ


ಮೇ 3

ಅಪ್ಪ,

ನೆಲಮಾಳಿಗೆಯ ಉಗ್ರಾಣದಲ್ಲಿತ್ತು. ಕೀಲಿಕೈ ಇಟ್ಟುಕೊಂಡಿರುವವರು ರಜೆಯಲ್ಲಿದ್ದರು, ಮೂರು ದಿನ ಕಾದೆ. ಐದನೇ ಪುಸ್ತಕವನ್ನು ಅಲ್ಲೇ ಕಪಾಟಿನ ಮುಂದೆ ನಿಂತು ತೆರೆದೆ.

ಫೋಟೋ ತೆಗೆದವರು ಪುಟದ ಬಲ ಅಂಚನ್ನು ಕತ್ತರಿಸಿಬಿಟ್ಟಿದ್ದಾರೆ. ಅಲ್ಲಿ ಇನ್ನೊಂದು ಕಾಲಂ ಇದೆ. ಎರಡನೇ ಸಹಿ. ಮೊದಲ ಪುಸ್ತಕದ ಮೊದಲ ಪುಟದಲ್ಲೇ ನಿಯಮ ಇದೆಯಲ್ಲ, ಅಳತೆಯನ್ನು ಇಬ್ಬರು ನೋಡಿ ಇಬ್ಬರೂ ಸಹಿ ಹಾಕಬೇಕು ಅಂತ. ಐದು ವರ್ಷ ಎಲ್ಲ ಸಾಲಿನಲ್ಲೂ ಅಮ್ಮನ ಸಹಿ ಇದೆ. ಇಷ್ಟು ದಿನ ನಾನು ಅವಳ ಅರ್ಧ ಪುಸ್ತಕವನ್ನು ನೋಡದೆಯೇ ಟೈಪ್ ಮಾಡುತ್ತಿದ್ದೆ.

ಆಸ್ಪತ್ರೆಯ ದಿನಗಳ ಪುಟದಲ್ಲೂ ಅವಳ ಸಹಿ ಇದೆ. ಅಕ್ಷರ ನಡುಗಿದೆ. ಹನ್ನೆರಡನೇ ದಿನದಿಂದ ಗೆರೆಯ ಮೇಲೆ ನಿಂತಿಲ್ಲ, ಕೆಳಗೆ ಜಾರಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದವಳು ಗುಡ್ಡದ ಮೇಲೆ ಸಹಿ ಹಾಕಲು ಆಗುವುದಿಲ್ಲ. ಹಾಗಾದರೆ ಪುಸ್ತಕವೇ ಆಸ್ಪತ್ರೆಯಲ್ಲಿತ್ತು. ನೀನೂ.

ಇಪ್ಪತ್ತೆರಡು ಸಹಿ. ಇಪ್ಪತ್ಮೂರನೆಯದು ಖಾಲಿ.

ನೆಲದ ಮೇಲೆ ಕೂತು ಅತ್ತುಬಿಟ್ಟೆ ಅಪ್ಪ. ಕಾವಲಿನವರು ಬಂದು "ಏನಾಯ್ತಮ್ಮ, ಕಪಾಟು ಬಿತ್ತಾ?" ಅಂತ ಕೇಳಿದರು. ನಿನ್ನನ್ನು ಅಷ್ಟು ಒರಟಾಗಿ ಕೇಳಿದ್ದಕ್ಕೆ ತಪ್ಪಾಯಿತು.

ಆದರೆ ಅಳತೆ ಸುಳ್ಳು. ನಾನು ಏನು ಮಾಡಲಿ? ಹನ್ನೊಂದು ಸಾವಿರ ಚಿಲ್ಲರೆ ಬೆಳಗುಗಳಲ್ಲಿ ಇಪ್ಪತ್ಮೂರು ತೆಗೆದರೂ ಬಿಟ್ಟರೂ ಸರಾಸರಿ ಅಲುಗುವುದಿಲ್ಲ. ಅಲುಗುವುದು ನಿನ್ನ ಮಾತಿನ ಬೆಲೆ. ಮೇಲಧಿಕಾರಿಗೆ ಹೇಳಿದೆ. "ಸುಮ್ಮನಿರಮ್ಮ, ಯಾರು ಅಂಚು ನೋಡ್ತಾರೆ? ನಾವೇ ಹೋಗಿ ಹಳ್ಳಕ್ಕೆ ಬೀಳೋದಾ?" ಅಂದರು.

ಪುಟ್ಟಿ


ಮೇ 18

ಪುಟ್ಟಿ,

ಆ ಸಂಖ್ಯೆಗಳನ್ನು ಹೊಡೆದುಹಾಕು. ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ, ಇಲ್ಲದಿದ್ದರೆ ಮನಸ್ಸು ತಿರುಗಬಹುದು.

ಆಸ್ಪತ್ರೆಗೆ ಹೊರಡುವಾಗ ಪುಸ್ತಕವನ್ನು ಚೀಲಕ್ಕೆ ಹಾಕಿದ್ದು ಅವಳೇ. ನಾಲ್ಕೈದು ದಿನದಲ್ಲಿ ವಾಪಸು ಬರುತ್ತೇವೆ, ಪುಸ್ತಕ ಇಲಿ ತಿಂದರೆ ಏನು ಗತಿ ಅಂತ. ಮರುದಿನ ಬೆಳಗ್ಗೆ ಎಂಟಕ್ಕೆ ಕಣ್ಣು ಬಿಟ್ಟು ಕೇಳಿದಳು: "ಇವತ್ತು ಎಷ್ಟನೇ ಕಂಬ?" ಇವಳಿಗೆ ಜ್ವರದಲ್ಲಿ ಎಲ್ಲಿದ್ದೇವೆ ಅಂತಲೇ ಗೊತ್ತಿಲ್ಲ ಅಂದುಕೊಂಡೆ. "ಎಂಟು" ಅಂದೆ. "ಬರೀರಿ ಮತ್ತೆ" ಅಂದಳು. ಬರೆದೆ. ಕೈ ಚಾಚಿ ಪೆನ್ನು ಇಸಿದುಕೊಂಡು ಸಹಿ ಹಾಕಿದಳು.

ಆಮೇಲೆ ದಿನಾ ಅದೇ. ಅವಳಿಗೆ ಗೊತ್ತಿತ್ತು ಪುಟ್ಟಿ. ಐದಾರು ದಿನವಾದ ಮೇಲೆ ನಕ್ಕು, "ಇನ್ನೂ ಸ್ವಲ್ಪ ಕೆಳಗೆ ಇಳಿಸ್ರೀ, ಮನೆ ಹತ್ರ ಬರ್ಲಿ" ಅಂದಳು. ಇಳಿಸಿದೆ. ಏಳು ಮಾಡಿದೆ, ಆರು ಮಾಡಿದೆ. ಬಟ್ಟೆ ಒಣಗಲಿಲ್ಲ ಅಂತ ಜಗಳವಾಡುತ್ತಿದ್ದವಳು ಹಾಸಿಗೆಯಲ್ಲಿ ಮಲಗಿಕೊಂಡು ಮೋಡ ಕರೆಯುತ್ತಿದ್ದಳು. ನಾನು ಬೇಡ ಅನ್ನಬೇಕಿತ್ತೇ?

ಕೊನೆಯ ದಿನ ಅವಳು ಕೇಳಲಿಲ್ಲ. ಎಂಟು ಗಂಟೆಗೆ ನಾನೇ ಹೇಳಿದೆ, "ಐದನೇ ಕಂಬ ಕಣೇ. ಬಾಗಿಲಿಗೇ ಬಂದಿದೆ." ಬರೆದು ಪೆನ್ನು ಅವಳ ಕೈಯಲ್ಲಿಟ್ಟೆ. ಅದು ಹಾಗೇ ಜಾರಿತು.

ಗುಡ್ಡಕ್ಕೆ ವಾಪಸು ಬಂದ ಮೇಲೆ ಆ ಪುಟ ಹರಿಯಬೇಕಿತ್ತು. ಅವಳ ಸಹಿ ಇದ್ದ ಹಾಳೆ, ಹೇಗೆ ಹರಿಯಲಿ? ಅದೇ ನಾನು ಮಾಡಿದ ತಪ್ಪು. ನಿನ್ನನ್ನು ಬಿಟ್ಟು ಬಂದದ್ದು ಇನ್ನೊಂದು. ಆ ಮನೆಯಲ್ಲಿ ಅವಳ ಕೆಲಸವನ್ನೂ ನಾನೇ ಮಾಡಿಕೊಂಡು ನಿನ್ನನ್ನು ಸಾಕುವ ಧೈರ್ಯ ನನಗೆ ಬರಲಿಲ್ಲ. ಮೋಡ ಅಳೆಯುವುದು ಸುಲಭವಿತ್ತು. ಇದನ್ನು ಇಪ್ಪತ್ತಾರು ವರ್ಷ ಯಾರಿಗೂ ಹೇಳಿಲ್ಲ. ಹೇಳಲು ಯಾರು ಇದ್ದರು?

ಹೋಟೆಲಿನವರು ನನ್ನನ್ನು ಸುಳ್ಳುಗಾರ ಅನ್ನಲಿ. ಪುಸ್ತಕವನ್ನು ಅನ್ನಬಾರದು. ಹೊಡೆದುಹಾಕು.

ಅಪ್ಪ


ಜೂನ್ 14

ಅಪ್ಪ,

ಮುಗಿಯಿತು. ವಿಷಯ ಮೊದಲು: ದಿಣ್ಣೆಯನ್ನು ಹತ್ತು ವರ್ಷ ಯಾರಿಗೂ ಕೊಡಬಾರದು ಎಂದು ಸಮಿತಿ ಬರೆದಿದೆ. ಹತ್ತು ವರ್ಷದ ನಂತರ ಮತ್ತೆ ನೋಡುತ್ತಾರಂತೆ. ಕಪ್ಪೆಗೆ ಹೇಳು, ಬೇಗ ಬೇಗ ಹತ್ತಲಿ.

ಇಪ್ಪತ್ಮೂರು ದಿನದ ವಿಷಯವನ್ನು ನಾನೇ ಎದ್ದು ನಿಂತು ಹೇಳಿದೆ. ನಾನು ಅಳತೆಗಾರರ ಮಗಳು ಎಂದೂ ಹೇಳಿದೆ. ಮೇಲಧಿಕಾರಿ ತಲೆ ತಗ್ಗಿಸಿ ಕೂತಿದ್ದರು. ಹೋಟೆಲಿನ ಕಡೆಯ ತಜ್ಞರು ಕನ್ನಡಕ ತೆಗೆದು ಕೇಳಿದರು: "ಇಪ್ಪತ್ಮೂರು ದಿನ ಸುಳ್ಳು ಬರೆದವರು ಉಳಿದ ದಿನ ನಿಜ ಬರೆದಿದ್ದಾರೆ ಅಂತ ನಾವು ಹೇಗಮ್ಮ ನಂಬೋದು?"

ನಾನು ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಇಷ್ಟೇ: "ಆಮೇಲೆ ಅವರಿಗೆ ಸುಳ್ಳು ಹೇಳೋಕೆ ಅಲ್ಲಿ ಯಾರೂ ಇರ್ಲಿಲ್ಲ ಸರ್."

ತಜ್ಞರು ಕನ್ನಡಕ ಹಾಕಿಕೊಂಡು ಮುಂದಿನ ಪುಟಕ್ಕೆ ಹೋದರು.

ಆ ಪುಟದಲ್ಲಿ ಇಪ್ಪತ್ಮೂರು ಸಂಖ್ಯೆಗಳ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ಬರೆದದ್ದು: 'ಅಳತೆ ಇಲ್ಲ. ಅಳತೆಗಾರರು ಹೆಂಡತಿಯ ಬಳಿ ಇದ್ದರು.' ಸಹಿಗಳ ಮೇಲೆ ಗೆರೆ ಎಳೆಯಲಿಲ್ಲ. ತಪ್ಪು ಸಂಖ್ಯೆ ಹೊಡೆದುಹಾಕಿ ಅಂತ ನಿಯಮದಲ್ಲಿದೆ, ಸಹಿಯ ಮಾತಿಲ್ಲ.

ನಿನಗೆ ಒಂದು ಎಚ್ಚರಿಕೆ ಪತ್ರ ಬರುತ್ತದೆ, ಬೇಜಾರಾಗಬೇಡ. ಇನ್ನೊಂದು: ಹಳೆಯದನ್ನು ಒಪ್ಪಿಕೊಂಡಿದ್ದಾರೆ, ಆದರೆ ಜುಲೈ ಒಂದರಿಂದ ಒಂದೇ ಸಹಿಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯವರನ್ನು ಕಳಿಸುತ್ತೇವೆ ಎಂದಿದ್ದಾರೆ. ಯಾವಾಗ ಎಂದು ಬರೆದಿಲ್ಲ.

ನನ್ನ ಟೈಪಿಂಗ್ ಮುಗಿದಿದೆ. ಮೇಜಿನ ಮೇಲೆ ಈಗ ಏನೂ ಇಲ್ಲ. ಡಬ್ಬಿ ಬಿಚ್ಚಿದರೆ ಓದಲು ಏನೂ ಇಲ್ಲ.

ಪುಟ್ಟಿ


ಜುಲೈ 3

ಪುಟ್ಟಿ,

ಎಚ್ಚರಿಕೆ ಪತ್ರ ಬಂತು. ಮೂವತ್ತೊಂದು ವರ್ಷದಲ್ಲಿ ಇಲಾಖೆ ನನ್ನ ಹೆಸರಿಗೆ ಬರೆದ ಮೊದಲ ಕಾಗದ. ಗೋಡೆಗೆ ಅಂಟಿಸಿದ್ದೇನೆ.

ನೀನು ಅಲ್ಲಿ ನಿಂತು ಹೇಳಿದ್ದನ್ನು ಎಷ್ಟು ಸಲ ಓದಿದೆನೋ. ಹೌದು, ಇಲ್ಲಿ ಯಾರೂ ಇರಲಿಲ್ಲ. ಅದನ್ನು ಬೇರೆಯವರು ಜೋರಾಗಿ ಹೇಳಿದ್ದು ಇದೇ ಮೊದಲು.

ಇವತ್ತು ಬೆಳಗ್ಗೆ ಎಂಟಕ್ಕೆ ಕೋಲು ಹಿಡಿದು ಬಾಗಿಲು ತೆರೆದೆ. ಅಂಗಳ ಇಲ್ಲ. ತಂತಿ ಇಲ್ಲ. ಎದುರಿನ ಕಂಬದ ಐದು ಕಾಣಲಿಲ್ಲ, ಕೈ ಮುಟ್ಟಿಸಿ ಓದಿದೆ. ಮೋಡ ಮನೆ ಬಾಗಿಲಿಗೆ ಬಂದಿತ್ತು ಪುಟ್ಟಿ. ಎಷ್ಟೋ ವರ್ಷದ ಮೇಲೆ. ಸೂರಿನಿಂದ ತೊಟ್ಟಿಕ್ಕುವ ಸದ್ದು. ನಾನು ಎಲ್ಲೂ ಹತ್ತಬೇಕಾಗಿರಲಿಲ್ಲ. ಹೊಸ್ತಿಲ ಮೇಲೆ ಕೂತೆ. ಮುಖವೆಲ್ಲ ಒದ್ದೆಯಾಯಿತು. ಹತ್ತಿರದಲ್ಲೇ ಎಲ್ಲೋ ಒಂದು ಗುಂಡಿಕಪ್ಪೆ ಕೂಗಿದ ಹಾಗಾಯಿತು, ಅದನ್ನು ಮಾತ್ರ ಆಣೆ ಮಾಡಿ ಹೇಳಲಾರೆ. ಹತ್ತು ಗಂಟೆಗೆ ಎಲ್ಲ ಎದ್ದು ಹೋಯಿತು. ಹನ್ನೆರಡಕ್ಕೆ ಹೋಗಿ ನೋಡಿದರೆ ಹತ್ತೊಂಬತ್ತರಲ್ಲಿತ್ತು.

ಸುಳ್ಳು ಐದಕ್ಕೆ ಪುಸ್ತಕದಲ್ಲಿ ಜಾಗ ಇತ್ತು. ಇದು ನಿಜ, ಆದರೆ ನೋಡಿದವನು ನಾನೊಬ್ಬನೇ. ನಿಯಮ ಅಂದರೆ ನಿಯಮ, ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅವರು ನಂಬದಿದ್ದರೆ ಬೇಡ, ನೀನೊಬ್ಬಳು ನಂಬಿದರೆ ಸಾಕು. ಜೀಪಿನ ಮುಂದಿನ ಸೀಟು ಯಾವಾಗಲೂ ಖಾಲಿಯೇ ಬರುತ್ತದೆ ಅಂತ ಡ್ರೈವರ್ ಹೇಳುತ್ತಿದ್ದ. ಸುಮ್ಮನೆ ಬರೆದೆ.

ಷರಾಕ್ಕೆ ಎರಡು ಸಹಿ ಬೇಕು ಅಂತ ಎಲ್ಲೂ ಇಲ್ಲವಲ್ಲ. ಅಲ್ಲಿ ಬರೆದಿದ್ದೇನೆ: ಬಟ್ಟೆ ಒಣಗಿಲ್ಲ.

ಅಪ್ಪ